ವಸಂತನ ಕಾರು, ನನ್ನ ಲೈಸೆನ್ಸು

ಮದುವೆಗೆ ಹೋಗಿ ಬಂದ ಕಾರಿನ ಬಾಗಿಲನ್ನು ಮರುದಿನ ಬೆಳಿಗ್ಗೆ ತೆರೆದವರಿಗೆ ಗೊತ್ತು, ಒಳಗಿನಿಂದ ಒಂದು ವಾಸನೆ ಬರುತ್ತದೆ. ಬಾಡಿದ ಮಲ್ಲಿಗೆ, ಹೊಸ ಸೀರೆ, ಯಾವುದೋ ಮಗು ಚೆಲ್ಲಿದ ಪಾಯಸ, ಇವೆಲ್ಲ ಏರಿಸಿದ ಗಾಜಿನ ಒಳಗೆ ಬೆಂದು ಒಂದಾದ ವಾಸನೆ. ಮೊನ್ನೆ ನನ್ನ ಸ್ವಂತ ಕಾರಿನ ಬಾಗಿಲು ತೆರೆದಾಗ ಅದು ಮೂಗಿಗೆ ಬಡಿಯಿತು. ನೆನಪಾದದ್ದು ಹಿಂದಿನ ದಿನದ ಮದುಮಗಳಲ್ಲ, ವಸಂತ. ಅವನು ನೆನಪಾದ ಕೂಡಲೇ ಹೊಟ್ಟೆಯಲ್ಲಿ ಸಣ್ಣದೊಂದು ಉರಿ. ಕೆಲವರಿಗೆ ಹಳೆಯ ಗೆಳೆಯರ ನೆನಪಾದರೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಹೊಟ್ಟೆ ಉರಿಯುತ್ತದೆ. ಪ್ರೀತಿಯೇನೂ ಕಡಿಮೆ ಇಲ್ಲ, ಅದು ಬರುವ ದಾರಿ ಮಾತ್ರ ಬೇರೆ.

ಆ ವರ್ಷ ನನಗೆ ಕಾರು ಇರಲಿಲ್ಲ. ಮಡಂತ್ಯಾರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾನು ಆಕ್ಟಿಂಗ್ ಡ್ರೈವರ್. ಹೊರಗಿನವರು ಈ ಮಾತು ಕೇಳಿ ನನ್ನನ್ನು ನಾಟಕದವನೆಂದು ತಿಳಿದದ್ದುಂಟು. ಯಾರದೋ ಡ್ರೈವರಿಗೆ ಜ್ವರ ಬಂದರೆ, ಯಾರೋ ಗಲ್ಫಿನಿಂದ ಬಂದು ಇಲ್ಲಿನ ರಸ್ತೆಗೆ ಹೆದರಿದರೆ, ಅಂದಿನ ಮಟ್ಟಿಗೆ ಸ್ಟೇರಿಂಗ್ ಹಿಡಿಯುವವನಿಗೆ ನಮ್ಮ ಕಡೆ ಹೇಳುವ ಹೆಸರು ಅದು. ಕಾರು ಇನ್ನೊಬ್ಬನದು, ಬಾಡಿಗೆ ಇನ್ನೊಬ್ಬನದು, ಗಿರಾಕಿಯೂ ಇನ್ನೊಬ್ಬನವನು. ನನ್ನದೆಂದು ಇದ್ದದ್ದು ಕಲೆಯೊಂದೂ ಇಲ್ಲದ ಲೈಸೆನ್ಸು. ಅಷ್ಟು ವರ್ಷಗಳಲ್ಲಿ ಒಂದು ಕೋಳಿಗೂ ತಾಗಿಸಿದವನಲ್ಲ. ಹಾಗೆಂದು ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಆಗದೇ ಇದ್ದ ಆಕ್ಸಿಡೆಂಟು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ.

ವಸಂತ ಎಲ್ಲರ ಕಣ್ಣಿಗೂ ಬೀಳುವವನು. ಶಾಲೆಯಲ್ಲಿ ನನ್ನ ಪಕ್ಕದ ಬೆಂಚು, ಈಗ ಸ್ಟ್ಯಾಂಡಿನಲ್ಲಿ ಮೊದಲ ಕಾರು. ಬಿಳಿ ಬಣ್ಣ, ಹಳದಿ ಬೋರ್ಡು, ಒಳಗೆ ನೆಲಕ್ಕೂ ಕಾರ್ಪೆಟ್. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಮದುವೆ ಇಟ್ಟವರು ಮೊದಲು ಹಾಲ್ ಬುಕ್ ಮಾಡುತ್ತಿದ್ದರು, ಆಮೇಲೆ ಭಟ್ಟರನ್ನು, ಮೂರನೆಯದಾಗಿ ವಸಂತನನ್ನು. ಕಾರು ಎಲ್ಲರ ಹತ್ತಿರವೂ ಉಂಟು. ಆದರೆ ಮನೆ ಬಿಟ್ಟು ಹೊರಟ ಮದುಮಗಳು ಹಿಂದಿನ ಸೀಟಿನಲ್ಲಿ ಅಳಲು ತೊಡಗಿದರೆ ಅದನ್ನು ನಿಲ್ಲಿಸುವ ವಿದ್ಯೆ ಅವನೊಬ್ಬನಿಗೆ ಗೊತ್ತಿತ್ತು. ದೊಡ್ಡ ಮಂತ್ರವೇನಲ್ಲ. ಅಳು ಜೋರಾಗುವವರೆಗೆ ಸುಮ್ಮನಿರುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ನೋಡಿ, ಬಹಳ ಗಂಭೀರವಾಗಿ, "ಮಗಾ, ಚಾರ್ಜರ್ ತಂದಿದ್ದೀಯಾ?" ಎಂದು ಕೇಳುತ್ತಿದ್ದ. ಅಷ್ಟೇ. ಅಳು ನಿಂತು ಬ್ಯಾಗು ಹುಡುಕುವ ಗಡಿಬಿಡಿ ಶುರು. ಸಿಗದಿದ್ದರೆ ಡ್ಯಾಶ್‌ಬೋರ್ಡಿನಿಂದ ಒಂದು ಹೊಸ ಚಾರ್ಜರ್ ತೆಗೆದು ಹಿಂದಕ್ಕೆ ಚಾಚುತ್ತಿದ್ದ. ಹಾಲಿನ ಗೇಟಿನಲ್ಲಿ ಹುಡುಗಿ ನಗುತ್ತಾ ಇಳಿಯುತ್ತಿದ್ದಳು. ಅವಳ ತಾಯಿಯ ಕಣ್ಣಲ್ಲಿ ವಸಂತ ದೇವರು.

ಅಂಥವನು ಬಿದ್ದದ್ದು ಒಂದು ಮೆಹೆಂದಿಯಲ್ಲಿ. ಹಿಂದೆಲ್ಲ ಮದರಂಗಿ ಎಂದರೆ ಹೆಂಗಸರು ಕೈಗೆ ಹಚ್ಚಿಕೊಂಡು ಹಾಡುವುದಿತ್ತು. ಈಗ ಶಾಮಿಯಾನ, ಕಿವಿ ಒಡೆಯುವ ಡಿಜೆ, ಹಿತ್ತಿಲ ಗೇರುಮರದ ಕೆಳಗೆ ಗಂಡಸರ ಬೇರೆ ಸಭೆ. ಮೇ ತಿಂಗಳ ಕೊನೆಗೆ ಗುರುವಾಯನಕೆರೆ ಕಡೆಯ ಅಂಥ ಒಂದು ಮನೆಯಲ್ಲಿ, ಬಾಡಿಗೆಯವರನ್ನು ಇಳಿಸಿಯಾಗಿದೆಯಲ್ಲ ಎಂದು ಅವನೂ ಆ ಸಭೆಯಲ್ಲಿ ಕುಳಿತ. ವಾಪಸು ಬರುವಾಗ ನಮ್ಮ ಪೇಟೆಯಲ್ಲೇ, ನಿಲ್ಲಿಸಿದ್ದ ಒಂದು ರಿಕ್ಷಾಕ್ಕೆ ಹೊಡೆದ. ರಿಕ್ಷಾದಲ್ಲಿ ಯಾರೂ ಇರಲಿಲ್ಲ, ದೇವರು ದೊಡ್ಡವನು. ಪೊಲೀಸರು ಬಂದು ಮೆಷಿನ್ ಊದಿಸಿದರು. ಬೆಳ್ತಂಗಡಿ ಕೋರ್ಟಿಗೆ ಮಳೆಗಾಲವಿಡೀ ಅಲೆದಾಡಿ, ನವರಾತ್ರಿ ಕಳೆದ ಮೇಲೆ ತೀರ್ಮಾನವಾಯಿತು. ಹತ್ತು ಸಾವಿರ ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ಸರಿಯಾಗಿ ನೋಡಿದರೆ ಆ ಆರು ತಿಂಗಳೆಂದರೆ ಇಡೀ ಮದುವೆ ಸೀಸನ್.

ಸ್ಟ್ಯಾಂಡಿನಲ್ಲಿ ಎಲ್ಲರೂ "ಪಾಪ ವಸಂತ" ಎಂದರು. ರಿಕ್ಷಾದವನೂ "ಪಾಪ" ಎಂದ! ನನಗೆ ತಡೆಯಲಾಗಲಿಲ್ಲ. ಕುಡಿದು ಹೊಡೆದವನಿಗೆ ಇಷ್ಟು ಕನಿಕರ, ಕುಡಿಯದೇ ಹೊಡೆಯದೇ ಇದ್ದವನಿಗೆ ಒಂದು ಚಹಾವೂ ಇಲ್ಲ. ಆದರೂ ಒಳಗೊಳಗೇ ಒಂದು ಲೆಕ್ಕ ಹಾಕಿದ್ದೆ. ವಸಂತ ಇಲ್ಲದ ಸೀಸನ್ನಿನಲ್ಲಿ ಜನ ಬೇರೆ ಹೆಸರು ಹುಡುಕಲೇಬೇಕು. ಆ ಹೆಸರು ದಿನೇಶ ಎಂದಿರಬಾರದೇ? ನನ್ನ ಹೆಸರು ಹಿಡಿದು ಒಂದು ಮನೆಯವರು, ಒಂದೇ ಒಂದು ಮನೆಯವರು, "ದಿನೇಶಣ್ಣನೇ ಬರಬೇಕು" ಎಂದು ಫೋನ್ ಮಾಡಬೇಕು. ಆ ವರ್ಷ ನನಗೆ ಬೇಕಾದದ್ದು ಅಷ್ಟೇ.

ಫೋನ್ ಬಂತು. ವಸಂತನದೇ.

"ಕಾರು ನನ್ನದು, ಲೈಸೆನ್ಸ್ ನಿನ್ನದು. ನೀನು ಬಿಡು, ನಾನು ಹತ್ತಿರ ಕೂರ್ತೇನೆ. ಎಂತ ಹೇಳ್ತೀ?"

ಎಂತ ಹೇಳುವುದು? ಒಪ್ಪಿದೆ.

ಆದರೆ ಕಾರಿಗೆ ಇನ್ಸೂರೆನ್ಸ್ ಇರಲಿಲ್ಲ. ಮರುದಿನ ಬಿ.ಸಿ.ರೋಡಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮಾಳಿಗೆಯಲ್ಲಿ ಲವೀನಾ ಬಾಯಿ ಎನ್ನುವ ಏಜೆಂಟರ ಪುಟ್ಟ ಆಫೀಸು. ವಸಂತನ ಹೆಂಡತಿ ಪುಷ್ಪಾ ಕೂಡ ಜೊತೆಗಿದ್ದಳು. ಕೋರ್ಟಿನ ನಂತರ ಅವಳು ಗಂಡನನ್ನು ಒಬ್ಬನೇ ಪೇಟೆಗೆ ಬಿಡುತ್ತಿರಲಿಲ್ಲ.

ಅಪಘಾತವಾದಾಗಲೇ ಒಂದು ಪೆಟ್ಟು ಬಿದ್ದಿತ್ತು. ಸರ್ವೇಯರ್ ಬಂದು ಒಡೆದ ಬಂಪರಿನ ಫೋಟೋ ಹೊಡೆದು, ಪೊಲೀಸರ ಕಾಗದ ನೋಡಿ, ಕುಡಿದು ಬಿಟ್ಟದ್ದಕ್ಕೆ ಕಂಪೆನಿ ಕೊಡುವುದಿಲ್ಲ ಎಂದು ಹೋಗಿದ್ದರು. ಸ್ವಂತ ಕಾರಿನ ಗಾಯಕ್ಕೆ ಸ್ವಂತ ಕಿಸೆ. ರಿಕ್ಷಾದವನಿಗೆ ಕಂಪೆನಿ ಕೊಟ್ಟರೂ ಅದನ್ನು ಆಮೇಲೆ ವಸಂತನಿಂದಲೇ ವಸೂಲಿ ಮಾಡುತ್ತದೆ ಎಂದು ವಕೀಲರು ಹೇಳಿದ ಮೇಲೆ, ಅದನ್ನೂ ಅವನೇ ರಿಪೇರಿ ಮಾಡಿಸಿಕೊಟ್ಟಿದ್ದ. ಬೇಜಾರಿನಲ್ಲಿ ಕಾರನ್ನು ಗ್ಯಾರೇಜಿನ ಹಿಂದೆ ನಿಲ್ಲಿಸಿ ಮಳೆಗಾಲವಿಡೀ ತಿರುಗಿ ನೋಡಿರಲಿಲ್ಲ. ಆ ನಡುವೆ ಪಾಲಿಸಿಯ ದಿನ ಕಳೆದುಹೋಗಿತ್ತು.

ಲವೀನಾ ಬಾಯಿ ಕಂಪ್ಯೂಟರ್ ನೋಡಿ ತಲೆಯಾಡಿಸಿದರು. "ವಸಂತಣ್ಣ, ಕ್ಲೇಮ್ ಮಾಡದವರಿಗೆ ಸಿಗುವ ನಿಮ್ಮ ಹಳೇ ಡಿಸ್ಕೌಂಟೆಲ್ಲ ಹೋಯ್ತು. ಕಾರನ್ನು ಪುನಃ ಇನ್‌ಸ್ಪೆಕ್ಷನ್ ಮಾಡ್ಬೇಕು. ಫುಲ್ ಇನ್ಸೂರೆನ್ಸಿಗೆ ಹೋದ ಸಲದ್ದಕ್ಕಿಂತ ತುಂಬಾ ಹೆಚ್ಚು ಬರ್ತದೆ."

"ಕುಡಿದದ್ದಕ್ಕೆ ಹಾಕಿದ್ದಾ?"

"ಕುಡಿದ ಕೇಸಿಗೆ ಅಂತ ನಮ್ಮಲ್ಲಿ ಬೇರೆ ರೇಟಿಲ್ಲ. ಕಂಪೆನಿಗೆ ಮನಸ್ಸಾದ್ರೆ ಹೆಚ್ಚು ಕೇಳಬಹುದು, ಈ ಸಲ ಕೇಳಲಿಲ್ಲ. ಇದು ನೀವು ಕುಡಿದದ್ದಕ್ಕಲ್ಲ. ಕುಡಿದ ಮೇಲೆ ಮೋರೆ ಊದಿಸಿಕೊಂಡು ಮೂರು ತಿಂಗಳಿಗಿಂತ ಜಾಸ್ತಿ ಸುಮ್ಮನೆ ಕೂತದ್ದಕ್ಕೆ. ಡಿಸ್ಕೌಂಟ್ ಅಷ್ಟು ಸಮಯ ಕಾಯ್ತದೆ, ಆಮೇಲೆ ಕಾಯುದಿಲ್ಲ."

ಪುಷ್ಪಾ ಗಂಡನ ಮುಖ ನೋಡಿದಳು. ವಸಂತ ಫ್ಯಾನ್ ನೋಡಿದ.

"ಅಷ್ಟು ಆಗುದಿಲ್ಲಾಂತಾದ್ರೆ ಥರ್ಡ್ ಪಾರ್ಟಿ ಮಾತ್ರ ಮಾಡುವ. ಕಾನೂನಿಗೆ ಅಷ್ಟು ಸಾಕು," ಎಂದರು ಲವೀನಾ ಬಾಯಿ.

"ಒಂದು ಪಾರ್ಟಿಗೆ ಹೋಗಿಯೇ ಇಷ್ಟಾಯ್ತು," ಎಂದಳು ಪುಷ್ಪಾ. "ಇನ್ನು ಮೂರನೇ ಪಾರ್ಟಿ ಬೇರೆ ಬೇಕಾ ಇವರಿಗೆ?"

ಲವೀನಾ ಬಾಯಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವಳಿಗೆ ಬಿಡಿಸಿ ಹೇಳಿದರು. ಒಂದನೇ ಪಾರ್ಟಿ ಕಾರಿನ ಯಜಮಾನ, ಎರಡನೇದು ಕಂಪೆನಿ, ಮೂರನೇದು ನಿಮ್ಮ ಕಾರು ಯಾರಿಗೆ ತಾಗಿತೋ ಅವರು.

"ಹಾಗಾದ್ರೆ ನಾನು ಎಷ್ಟನೇ ಪಾರ್ಟಿ?" ಎಂದು ಕೇಳಿದೆ.

"ನೀವು ಡ್ರೈವರಲ್ವಾ, ಪಾರ್ಟಿಯಲ್ಲಿ ಇಲ್ಲ. ಸಂಬಳದ ಡ್ರೈವರಿಗೆ ಅಂತ ಬೇರೆ ಸೇರಿಸ್ಬೇಕು. ದೊಡ್ಡದಲ್ಲ, ಒಂದು ಊಟದ ದುಡ್ಡು."

ಕಾರು ಓಡುವುದು ನನ್ನ ಲೈಸೆನ್ಸಿನ ಮೇಲೆ. ರಸ್ತೆಯಲ್ಲಿ ಹೋಗುವ ಯಾವನೋ ಕೂಡ ಪಾರ್ಟಿ. ನಾನು ಒಂದು ಊಟ. ನನ್ನ ಮುಖ ಹೇಗಾಗಿತ್ತೋ, ವಸಂತ ಅದನ್ನು ನೋಡಿ ಮೇಜಿನ ಮೇಲೆ ಬಾಗಿದ.

"ಫುಲ್ಲೇ ಮಾಡಿ ಬಾಯಿ. ಇವನದ್ದೂ ಸೇರಿಸಿ. ಹೊಟ್ಟೆಕಿಚ್ಚಿಗೆ ಕವರ್ ಉಂಟಾ? ಇದ್ರೆ ಅದನ್ನೂ ಹಾಕಿ, ಇವನಿಗೆ ಬೇಕಾಗ್ತದೆ."

ಅವನಿಗೆ ಗೊತ್ತಿತ್ತು. ಒಂದನೇ ಕ್ಲಾಸಿನಿಂದ ಗೊತ್ತಿತ್ತು.

ಹಾಗೆ ಶುರುವಾಯಿತು ಆ ಸೀಸನ್. ನವೆಂಬರಿನ ಮಂಜು ಕರಗುವ ಮೊದಲೇ ಕಾರಿಗೆ ಹೂ ಕಟ್ಟಿ ಹೊರಡುತ್ತಿದ್ದೆವು. ವೇಣೂರಿನ ತಿರುವುಗಳಲ್ಲಿ ಮದುಮಗಳ ತಲೆಯ ಒಂದು ಎಸಳು ಮಲ್ಲಿಗೆಯೂ ಜಾರದ ಹಾಗೆ ನಾನು ಕಾರು ಒಯ್ಯುತ್ತಿದ್ದೆ. ಹೊಂಡಗಳನ್ನು ನೆಂಟರ ಹೆಸರಿನಂತೆ ನೆನಪಿಟ್ಟುಕೊಂಡಿದ್ದೆ. ಎಡಗಡೆಯ ಸೀಟಿನಲ್ಲಿ ವಸಂತ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಯಜಮಾನನಂತೆ ಕುಳಿತಿರುತ್ತಿದ್ದ. ಹಿಂದಿನಿಂದ ಅಳು, ಎಡದಿಂದ ಚಾರ್ಜರ್, ಆಮೇಲೆ ನಗು. ಹಾಲ್ ತಲುಪಿದರೆ ಹುಡುಗಿಯ ತಂದೆ ಓಡಿ ಬಂದು ಎಡಗಡೆಯ ಬಾಗಿಲನ್ನೇ ತೆರೆಯುತ್ತಿದ್ದರು. "ವಸಂತಣ್ಣ, ಕಾರು ಬಂದದ್ದೇ ಗೊತ್ತಾಗ್ಲಿಲ್ಲ! ಎಂಥ ನಯ ಮಾರಾಯ್ರೆ!" ವಸಂತ ನನ್ನ ಕಡೆ ಕೈ ತೋರಿಸುತ್ತಿದ್ದ. ಅವರು ನನ್ನನ್ನು ನೋಡಿ, "ಹೌದಾ, ಊಟ ಮಾಡಿ ಹೋಗಿ ಆಯ್ತಾ," ಎನ್ನುತ್ತಿದ್ದರು. ಮತ್ತೆ ಊಟ!

ಒಮ್ಮೆ ವಸಂತನಿಗೆ ಜ್ವರ ಬಂತು. ಸಿದ್ಧಕಟ್ಟೆಯ ಒಂದು ಮನೆಯಿಂದ ಮದುಮಗಳನ್ನು ನಾನೊಬ್ಬನೇ ಕರೆದೊಯ್ದೆ. ದೇವರು ಕೊಟ್ಟ ಅವಕಾಶ ಎಂದುಕೊಂಡೆ. ಅವಳು ಅಳುವುದನ್ನೇ ಕಾದೆ. ಅತ್ತಳು. ಜೋರಾಗುವವರೆಗೆ ಕಾದೆ. ಜೋರಾಯಿತು. ಕನ್ನಡಿಯಲ್ಲಿ ನೋಡಿ, ವಸಂತನಂತೆಯೇ ಗಂಭೀರವಾಗಿ, "ಮಗಾ, ಚಾರ್ಜರ್ ತಂದಿದ್ದೀಯಾ?" ಎಂದೆ. ಹುಡುಗಿ ಅಳು ನಿಲ್ಲಿಸಿ ನನ್ನನ್ನು ನೋಡಿದಳು.

"ತಂದಿದ್ದೇನೆ," ಎಂದು ಹೇಳಿ ಪುನಃ ಅಳಲು ಶುರು ಮಾಡಿದಳು.

ಮೂಡುಬಿದಿರೆ ಮುಟ್ಟುವವರೆಗೂ ಅತ್ತಳು. ಅದೇ ಮಾತು, ಅದೇ ಕಾರು, ಅದೇ ಕನ್ನಡಿ. ಅವನ ಬಾಯಲ್ಲಿ ಇದ್ದದ್ದು ನನ್ನ ಬಾಯಲ್ಲಿ ಯಾಕಿಲ್ಲ ಎನ್ನುವುದು ನನಗೆ ಈಗಲೂ ಅರ್ಥವಾಗಿಲ್ಲ. ಮನೆಗೆ ಬಂದು ಅಕ್ಕನ ಮಗಳು ಅಶ್ವಿನಿಗೆ ಈ ಕತೆ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು.

ಅಶ್ವಿನಿಯನ್ನು ಎತ್ತಿ ಆಡಿಸಿದವನು ನಾನು. ಸೈಕಲ್ಲಿನ ಹಿಂದೆ ಓಡಿ ಓಡಿ ಅವಳಿಗೆ ಬ್ಯಾಲೆನ್ಸ್ ಕಲಿಸಿದವನೂ ನಾನೇ. ಅವಳ ಮದುವೆ ಏಪ್ರಿಲಿಗೆ ನಿಶ್ಚಯವಾದಾಗ ನನಗೆ ಒಂದೇ ಯೋಚನೆ. ಬೇರೆ ಯಾರೂ ಕರೆಯದಿದ್ದರೇನು, ಇವಳಾದರೂ ಕರೆದಾಳು. ಮಕರ ಸಂಕ್ರಾಂತಿ ಕಳೆದ ಒಂದು ಭಾನುವಾರ ಅವಳೇ ಮಾತು ತೆಗೆದಳು.

"ಮಾವ, ನನ್ನ ಕಾರು ವಸಂತಣ್ಣನೇ ಬಿಡ್ಬೇಕು, ಆಯ್ತಾ? ಅಷ್ಟರೊಳಗೆ ಅವರ ಲೈಸೆನ್ಸ್ ಬರ್ತದಲ್ವಾ?"

"ಯಾಕೆ? ನಾನು ಬಿಟ್ರೆ ಕಾರು ಹೋಗುದಿಲ್ವಾ?"

"ಅಯ್ಯ, ನೀವು ಮಾವ ಅಲ್ವಾ!" ಎಂದಳು, ಅದರಲ್ಲಿ ವಿವರಿಸುವುದೇನಿದೆ ಎನ್ನುವ ಹಾಗೆ.

ನನಗೆ ಕೇಳಿಸಿದ್ದು ಬೇರೆ. ನೀವು ಬರಿಯ ಮಾವ, ಡ್ರೈವರ್ ಎಂದರೆ ವಸಂತಣ್ಣ. ಆ ದಿನ ಅಕ್ಕ ಬಡಿಸಿದ್ದು ಕೋರಿರೊಟ್ಟಿ. ಊರ ಕೋಳಿಯ ಸಾರು, ಗರಿಗರಿ ರೊಟ್ಟಿ, ಯಾವತ್ತೂ ಎರಡನೇ ಸಲ ಕೇಳುವವನು ತಟ್ಟೆ ಎತ್ತಿಟ್ಟೆ.

ಮದುವೆ ಹತ್ತಿರ ಬಂತು. ಲೆಕ್ಕ ಹಾಕಿ ನೋಡಿದರೆ ವಸಂತನ ಲೈಸೆನ್ಸ್ ಕೈಗೆ ಬರುವುದು ಮದುವೆ ಕಳೆದು ಒಂದು ವಾರಕ್ಕೆ. ಮದುವೆಯ ದಿನವೇ ಊರೆಲ್ಲ ಮುಹೂರ್ತ, ಬೇರೆ ಆಕ್ಟಿಂಗ್ ಡ್ರೈವರ್ ಒಬ್ಬನೂ ಖಾಲಿ ಇಲ್ಲ. ಅಕ್ಕನ ಗಂಡ, ನಮ್ಮ ಬಾವ, ವಸಂತನ ಮನೆಗೇ ಹೋದರು. ನಾನೂ ಹಿಂದೆ ಹೋದೆ.

"ಒಂದು ವಾರದ ವಿಷಯ ವಸಂತ. ದಿಬ್ಬಣದ ಕಾರು ಯಾರು ನಿಲ್ಲಿಸ್ತಾರೆ? ಹುಡುಗಿಗೆ ಒಂದು ಆಸೆ."

ವಸಂತನ ಕೈ ಮೊಣಕಾಲಿನ ಮೇಲೆ ಗೇರ್ ಹಾಕುವ ಹಾಗೆ ಸುಮ್ಮನೆ ಆಡುತ್ತಿತ್ತು.

"ಬೇಡ ಧಣಿ," ಎಂದ. "ಲೈಸೆನ್ಸ್ ಇಲ್ಲದವ ಬಿಟ್ರೆ ಆ ಇನ್ಸೂರೆನ್ಸ್ ಇದ್ದೂ ಇಲ್ಲ. ಏನಾದ್ರೂ ಆದ್ರೆ ಕಂಪೆನಿಯವರು ಎದುರಿನವರಿಗೆ ಕೊಟ್ಟು ನನ್ನ ಕುತ್ತಿಗೆಗೆ ಬರ್ತಾರೆ. ಅದು ಹೋಗ್ಲಿ, ನನ್ನ ಕುತ್ತಿಗೆ. ಹಿಂದಿನ ಸೀಟಿನಲ್ಲಿ ಮದುಮಗಳು ಕೂತಿರ್ತಾಳೆ. ಆ ರಿಕ್ಷಾ ಖಾಲಿ ಇತ್ತು ಅಂತ ನಾನು ಇವತ್ತು ಇಲ್ಲಿ ಕೂತಿದ್ದೇನೆ. ದಿನೇಶ ಬಿಡ್ಲಿ. ನನಗಿಂತ ಚೆನ್ನಾಗಿ ಬಿಡ್ತಾನೆ, ನನಗೆ ಗೊತ್ತುಂಟು, ಆರು ತಿಂಗಳು ಹತ್ತಿರ ಕೂತವ ನಾನು."

ಬಾವ ಮನೆಗೆ ಬಂದು ವಸಂತನನ್ನು ಹೊಗಳಿದ್ದೇ ಹೊಗಳಿದ್ದು. ಎಂಥ ಮನುಷ್ಯ, ಎಂಥ ನಿಯತ್ತು! ಕಾರು ಬಿಟ್ಟರೂ ಹೊಗಳಿಕೆ, ಬಿಡದಿದ್ದರೂ ಹೊಗಳಿಕೆ. ಅವನು ನನ್ನ ಬಗ್ಗೆ ಹೇಳಿದ ಮಾತು ಬಾವನ ಬಾಯಲ್ಲಿ ಎಲ್ಲಿಯೂ ಬರಲಿಲ್ಲ.

ಮದುವೆಯ ದಿನ ಬೆಳಿಗ್ಗೆಯೇ ಸೆಕೆ. ನಾನು ರೇಷ್ಮೆ ಅಂಚಿನ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ, ಡ್ರೈವರ್ ಸೀಟಿನಲ್ಲಿ ಕುಳಿತೆ. ನಮ್ಮಲ್ಲಿ ಧಾರೆಯ ಹೊತ್ತಿಗೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಹಾಗಾಗಿ ನಾನು ಮೇಲಿನಿಂದ ಮಾವ, ಕೆಳಗಿನಿಂದ ಕ್ಲಚ್ಚು. ವಸಂತ ಮುಂಚಿನ ಬಸ್ಸಿನಲ್ಲೇ ಮೂಡುಬಿದಿರೆಗೆ ಹೋಗಿದ್ದ. ಎಡಗಡೆಯ ಸೀಟು ಅಕ್ಕನಿಗೆ, ಹಿಂದೆ ಅಶ್ವಿನಿ ಮತ್ತು ಅವಳ ಗೆಳತಿ.

ಅವಳು ಅಳಲಿಲ್ಲ. ಗುರುವಾಯನಕೆರೆ ದಾಟಿದರೂ ಅಳಲಿಲ್ಲ. ಗೆಳತಿಯ ಹೆಗಲ ಮೇಲೆ ಕೈ ಇಟ್ಟು, "ಇದು ನಮ್ಮ ಮಾವನ ಸೀಟು, ನೀನು ಕೂತಿದ್ದೀ," ಎಂದಳು. ನನಗೆ ಕನ್ನಡಿಯಲ್ಲಿ ಅವಳ ಹಣೆಯ ಬೊಟ್ಟು ಮಾತ್ರ ಕಾಣುತ್ತಿತ್ತು. ಸಂಕ್ರಾಂತಿಯ ಭಾನುವಾರ ಅವಳು ಹೇಳಿದ್ದು ಏನೆಂದು ಆಗ ತಲೆಗೆ ಹೋಯಿತು, ಮಾವ ಕೂರಬೇಕಾದದ್ದು ಸ್ಟೇರಿಂಗಿನ ಹಿಂದಲ್ಲ, ಅವಳ ಪಕ್ಕದಲ್ಲಿ. ತಟ್ಟೆ ಎತ್ತಿಟ್ಟು ಬಿಟ್ಟ ಕೋರಿರೊಟ್ಟಿಯೂ ನೆನಪಾಯಿತು.

ದಾರಿಯಲ್ಲಿ ಎರಡು ದಿಬ್ಬಣದ ಬಸ್ಸುಗಳ ಹಿಂದೆ ಸಿಕ್ಕಿಬಿದ್ದು ಹಾಲಿಗೆ ಬರುವಾಗ ಮುಹೂರ್ತ ಮೂಗಿನ ತುದಿಯಲ್ಲಿತ್ತು. ಗೇಟಿನ ಒಳಗೆ ಒಂದು ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಹುಡುಗಿಯನ್ನು ಗೇಟಿನಲ್ಲಿ ಇಳಿಸಿದೆವು, ಹೆಂಗಸರು ಒಳಗೆ ಕರೆದೊಯ್ದರು. ಒಳಗಿನಿಂದ ವಾದ್ಯ ಜೋರಾಯಿತು. ಭಟ್ಟರು ಮೈಕಿನಲ್ಲೇ ಕೂಗಿದರು, "ಸೋದರಮಾವ ಎಲ್ಲಿ? ಬೇಗ ಬರಬೇಕು!" ಸೋದರಮಾವ ಗೇಟಿನಲ್ಲಿ ರಸ್ತೆಗೆ ಅಡ್ಡ ನಿಂತ ಕಾರಿನೊಳಗೆ ಬೆವರುತ್ತಿದ್ದ. ಹಿಂದಿನಿಂದ ಬಸ್ಸಿನ ಹಾರ್ನು.

ವಸಂತ ಓಡಿ ಬಂದ. "ನೀನು ಇಳಿ. ಕಾರು ಇಲ್ಲೇ ಇರ್ಲಿ, ನಾನು ನೋಡ್ಕೊಳ್ತೇನೆ."

ಕೀ ಕೊಡಲು ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಕೀ ನಿನ್ನ ಹತ್ತಿರವೇ ಇರ್ಲಿ ಮಾರಾಯ. ನನ್ನ ಕೈಗೆ ಕೊಟ್ರೆ ಕೈ ಸುಮ್ಮನೆ ಇರ್ಲಿಕ್ಕಿಲ್ಲ. ಹೋಗು!"

ಒಳಗೆ ಹೋಗಿ ಅಶ್ವಿನಿಯ ಕೈ ಹಿಡಿದೆ. ಸೈಕಲ್ಲಿನ ಸೀಟು ಹಿಡಿದು ಓಡಿದ ಅದೇ ಕೈ ನನ್ನದು, ಆದರೆ ನಡುಗುತ್ತಿತ್ತು. ಮಂಟಪಕ್ಕೆ ನಾಲ್ಕು ಹೆಜ್ಜೆ ಇರುವಾಗ ನನಗೆ ದಾರಿ ಕಾಣದಷ್ಟು ಕಣ್ಣು ತುಂಬಿತು. ಅವಳು ತಲೆ ತಗ್ಗಿಸಿಕೊಂಡೇ, ತುಟಿ ಅಲ್ಲಾಡಿಸದೆ, "ಮಾವ, ಚಾರ್ಜರ್ ತಂದಿದ್ದೀರಾ?" ಎಂದಳು.

ನಾನು ನಕ್ಕುಬಿಟ್ಟೆ. ಧಾರೆಯ ಫೋಟೋದಲ್ಲಿ ಎಲ್ಲರೂ ಗಂಭೀರ, ಸೋದರಮಾವನೊಬ್ಬನ ಹಲ್ಲು ಕಾಣುತ್ತದೆ. ವಸಂತನ ವಿದ್ಯೆ ಕೊನೆಗೆ ನನ್ನ ಮೇಲೆಯೇ ನಡೆದಿತ್ತು.

ಆದರೆ ಉರಿ ಅಷ್ಟಕ್ಕೆ ಆರುತ್ತದೆಯೇ? ಹೊರಗಿನಿಂದ ಒಂದು ಹಾರ್ನು, ಅದರ ಹಿಂದೆ ಒಂದು ದೊಡ್ಡ ನಗು. ಪುನಃ ಹಾರ್ನು, ಪುನಃ ನಗು. ಹಿಂದಿನ ಸಾಲಿನಲ್ಲಿ ಯಾರೋ "ಹೊರಗೆ ವಸಂತಣ್ಣ ಇದ್ದಾರೆ," ಎಂದರು, ಇಬ್ಬರು ಕುರ್ಚಿ ಬಿಟ್ಟು ಎದ್ದುಹೋದರು. ನನ್ನ ಸೊಸೆಯ ಧಾರೆ ಬಿಟ್ಟು!

ಎಲ್ಲ ಮುಗಿದ ಮೇಲೆ ಗೇಟಿಗೆ ಹೋದೆ. ಕಾರು ನಾನು ನಿಲ್ಲಿಸಿದಲ್ಲೇ ಇತ್ತು. ಅದರ ಮುಂದೆ ಬಿಸಿಲಿನಲ್ಲಿ ವಸಂತ, ಇಸ್ತ್ರಿ ಅಂಗಿ ಮೈಗೆ ಅಂಟಿಕೊಂಡಿತ್ತು. ಬಸ್ಸು, ರಿಕ್ಷಾ, ಬೈಕುಗಳಿಗೆಲ್ಲ ಕೈ ತೋರಿಸಿ ದಾರಿ ಮಾಡಿಕೊಟ್ಟು, ಬೈದವರನ್ನು ನಗಿಸಿ, ಅಷ್ಟು ಹೊತ್ತು ನಿಂತಿದ್ದ. ಬಾಗಿಲಿಗೆ ಬೆರಳೂ ತಾಗಿಸಿರಲಿಲ್ಲ.

"ಆಯ್ತಾ? ಕೈ ಹಿಡಿದೆಯಾ?"

"ಹಿಡಿದೆ."

"ನಡುಗ್ತಿತ್ತಾ ಅವಳ ಕೈ?"

"ಅವಳದ್ದಲ್ಲ. ನನ್ನದು."

ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಒಳಗಿನ ಮಂಟಪದ ಕಡೆ ನೋಡಿದ.

"ನಾನು ಎಷ್ಟು ಮದುಮಗಳಂದಿರನ್ನು ತಂದಿದ್ದೇನೆ ಹೇಳು. ಎಲ್ಲ ಈ ಗೇಟಿನವರೆಗೆ. ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಒಬ್ಬಳ ಕೈ ಹಿಡಿದು ಒಳಗೆ ಹೋಗುವ ಯೋಗ ನನಗೆಲ್ಲಿ? ನಿನ್ನನ್ನು ನೋಡಿದ್ರೆ ಹೊಟ್ಟೆ ಉರೀತದೆ ಮಾರಾಯ."

ಬಾಗಿಲಿಗೆ ಹಾಕಿದ್ದ ಕೀಯನ್ನು ನಾನು ಪುನಃ ಹೊರಗೆ ತೆಗೆದೆ.

"ಎಂತ ಹೇಳಿದೆ?"

"ಹೊಟ್ಟೆ ಉರೀತದೆ ಅಂದೆ."

"ಇನ್ನೊಮ್ಮೆ ಹೇಳು."

"ಹೋಗಾ! ಮೊದಲು ಕಾರು ತೆಗಿ, ಬಸ್ಸಿನವ ಈಗ ನನಗೆ ಹೊಡೀತಾನೆ."

ಕಾರನ್ನು ದೂರದ ಒಂದು ಮಾವಿನ ಮರದ ನೆರಳಿಗೆ ಒಯ್ದು ನಿಲ್ಲಿಸಿದೆ. ಊಟಕ್ಕೆ ಕರೆಯುವ ಮೈಕು ಕೇಳುತ್ತಿತ್ತು. ಗಾಜು ಏರಿಸಿ, ಅಶ್ವಿನಿಯ ಮಲ್ಲಿಗೆಯ ವಾಸನೆಯಲ್ಲಿ, ಅವನ ಆ ಮಾತನ್ನು ಮನಸ್ಸಿನಲ್ಲೇ ಪುನಃ ಪುನಃ ಹೇಳಿಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಕುಳಿತೆ. ಆ ದಿನದ ಊಟ ನನಗೆ ತಡವಾಗಿ ಸಿಕ್ಕಿತು. ಎರಡನೇ ಸಲ ಕೇಳಿ ಹಾಕಿಸಿಕೊಂಡೆ.